ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳಿಗೆ "ಎಲ್ಲಾ ಫ್ರೀ" ಅಂತಾರೆ, ಇದು ಎಷ್ಟು ನಿಜ?

ವಿಜಯಪುರದ ಮಾಸ್ತರ್ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ರಿಟೈರ್ ಆದವನು ನಾನು. ಮಗಳು, ಅಳಿಯ ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಲ್ಲಿದ್ದಾರೆ. ಮಗಳು ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಾಳೆ.

ಅವಳ ಆಫೀಸಿನಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ ಒಂದು ಮಾತು ಪದೇ ಪದೇ ಬರುತ್ತದಂತೆ. "ಮಾವೋರಿಗಳಿಗೆ ಎಲ್ಲಾ ಫ್ರೀ. ಆಸ್ಪತ್ರೆಯಲ್ಲಿ ಮೊದಲು ಅವರು. ಮೆಡಿಕಲ್ ಸೀಟು ಅವರಿಗೆ. ಜಮೀನಿನ ಹೆಸರಲ್ಲಿ ಕೋಟಿಗಟ್ಟಲೆ ಡಾಲರ್ ಅವರಿಗೆ. ಟ್ಯಾಕ್ಸ್ ಕಟ್ಟೋದು ಮಾತ್ರ ನಾವು." ಹೀಗೆ ಹೇಳುವವರಲ್ಲಿ ಬಿಳಿಯರೂ ಇದ್ದಾರೆ, ನಮ್ಮ ದೇಶದವರೂ ಇದ್ದಾರೆ. ಅದೇ ಟೇಬಲ್ಲಿನಲ್ಲಿ ಒಬ್ಬ ಮಾವೋರಿ ಹೆಣ್ಣುಮಗಳೂ ಊಟ ಮಾಡುತ್ತಾಳೆ. ಆಕೆ ಏನೂ ಮಾತಾಡುವುದಿಲ್ಲ. ನನ್ನ ಮಗಳೂ ಮಾತಾಡುವುದಿಲ್ಲ. "ಅಪ್ಪಾ, ಏನು ಹೇಳಬೇಕೋ ಗೊತ್ತಾಗಲ್ಲ, ಆದರೆ ಸುಮ್ನೆ ಕೂತರೆ ನಾನೂ ಒಪ್ಪಿದ ಹಾಗೆ ಆಗುತ್ತೆ" ಅಂದಳು.

1840ರ ವೈಟಾಂಗಿ ಒಪ್ಪಂದ ನನಗೆ ಗೊತ್ತು. ಬ್ರಿಟಿಷ್ ರಾಣಿಯ ಕಡೆಯವರೂ ಮಾವೋರಿ ಮುಖ್ಯಸ್ಥರೂ ಸಹಿ ಮಾಡಿದ ಒಪ್ಪಂದ ಅದು. ಇವತ್ತು ಆ ದೇಶದ ಜನರಲ್ಲಿ ಮಾವೋರಿಗಳು ಆರರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಅಂತಲೂ ಓದಿದ್ದೇನೆ. ಆದರೆ ಅಲ್ಲಿನ ಸಾಮಾನ್ಯ ಜನ ಈ ಯೋಜನೆಗಳ ಬಗ್ಗೆ ನಿಜವಾಗಿ ಏನು ಅಂದುಕೊಳ್ಳುತ್ತಾರೆ? ಊಟದ ಟೇಬಲ್ಲಿನ ಮಾತೇ ದೇಶದ ಮಾತಾ?

ಇನ್ನೊಂದು ವಿಷಯ ನೇರವಾಗಿ ಹೇಳುತ್ತೇನೆ. ನನ್ನೊಳಗೂ ಒಂದು ತಕರಾರಿದೆ. ನಮ್ಮ ಸಿಂದಗಿ ಕಡೆಯಿಂದ ಗಡಿ ದಾಟಿದರೆ ಅಫಜಲಪುರ. ಅದೇ ಬಿಸಿಲು, ಅದೇ ತೊಗರಿ, ಅದೇ ಬಡತನ. ಆದರೆ ಅಫಜಲಪುರದ ಹುಡುಗಿಗೆ 371ಜೆ ಮೀಸಲು ಸಿಗುತ್ತದೆ, ಸಿಂದಗಿಯ ಹುಡುಗಿಗೆ ಸಿಗುವುದಿಲ್ಲ. ಅಷ್ಟೇ ಮಾರ್ಕ್ಸ್ ತೆಗೆದುಕೊಂಡ ನನ್ನ ವಿದ್ಯಾರ್ಥಿನಿಯರು ಸೀಟು ಸಿಗದೆ ಅತ್ತಿದ್ದನ್ನು ನೋಡಿದ್ದೇನೆ. ಹಾಗಾಗಿ ಹ್ಯಾಮಿಲ್ಟನ್ನಿನ ಆ ಬಿಳಿಯ ಉದ್ಯೋಗಿಯ ಸಿಟ್ಟು ನನಗೆ ಪೂರ್ತಿ ಅರ್ಥವಾಗುವುದಿಲ್ಲ ಅಂತ ಹೇಳಲಾರೆ. ತಿಳಿದವರು ದಯವಿಟ್ಟು ಬರೆಯಿರಿ.

ಕುಂದಾನಗರಿ

ಮಾಸ್ತರೇ, ನಿಮ್ಮ ತಕರಾರು ಸರಿಯಾಗಿಯೇ ಇದೆ. ನಾನು ಬೆಳಗಾವಿಯವನು, ಉದ್ಯಮಬಾಗದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುತ್ತೇನೆ. ನನ್ನ ಹತ್ತಿರ ಕೆಲಸ ಮಾಡುವವರಲ್ಲಿ ಎಲ್ಲಾ ಜಾತಿಯವರೂ ಇದ್ದಾರೆ. ತಿಂಗಳ ಕೊನೆಗೆ ಅಡ್ವಾನ್ಸ್ ಕೇಳಲು ಬರುವಾಗ ಎಲ್ಲರ ಮುಖವೂ ಒಂದೇ ಥರ ಇರುತ್ತದೆ.

ನ್ಯೂಜಿಲೆಂಡಿನಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಿದವರು ಡಾನ್ ಬ್ರ್ಯಾಷ್. 2004ರ ಜನವರಿಯಲ್ಲಿ ಒರೆವಾ ಎಂಬ ಊರಿನಲ್ಲಿ ಭಾಷಣ ಮಾಡಿದರು. ಆಗ ಅವರು ವಿರೋಧ ಪಕ್ಷವಾಗಿದ್ದ ನ್ಯಾಷನಲ್ ಪಕ್ಷದ ನಾಯಕರು. ಎಲ್ಲರಿಗೂ ಒಂದೇ ಕಾನೂನು ಇರಲಿ, ಜನಾಂಗ ನೋಡಿ ಸವಲತ್ತು ಬೇಡ, ಅಗತ್ಯ ನೋಡಿ ಕೊಡಿ ಅಂದರು. ಮುಂದಿನ ಸಮೀಕ್ಷೆಯಲ್ಲಿ ಅವರ ಪಕ್ಷ ಶೇ. 28ರಿಂದ ಶೇ. 45ಕ್ಕೆ ಹಾರಿತು. ಒಂದು ಭಾಷಣಕ್ಕೆ 17 ಅಂಕ! ಆಗಿನ ಲೇಬರ್ ಸರ್ಕಾರವೇ ಹೆದರಿ, ತನ್ನ ಯೋಜನೆಗಳೆಲ್ಲ ಅಗತ್ಯದ ಮೇಲಿವೆಯೋ ಜನಾಂಗದ ಮೇಲಿವೆಯೋ ಅಂತ ಪರಿಶೀಲನೆಗೆ ಕೂತಿತು. ಅಂದರೆ ಜನರ ಮನಸ್ಸಿನಲ್ಲಿ ಏನಿದೆ ಅನ್ನುವುದು ಸ್ಪಷ್ಟ ಅಲ್ವಾ?

2023ರ ಚುನಾವಣೆಯ ನಂತರ ಬಂದ ಮೂರು ಪಕ್ಷಗಳ ಸರ್ಕಾರವೂ ಅದನ್ನೇ ಮಾಡಿತು. ಮಾವೋರಿಗಳಿಗೆ ಅಂತ 2022ರಲ್ಲಿ ಶುರುವಾಗಿದ್ದ ಬೇರೆ ಆರೋಗ್ಯ ಪ್ರಾಧಿಕಾರವನ್ನು 2024ರ ಜೂನ್ ಕೊನೆಗೆ ಮುಚ್ಚಿದರು. ಸರ್ಕಾರಿ ಸೇವೆ ಅಗತ್ಯ ನೋಡಿ ಕೊಡಬೇಕು, ಜನಾಂಗ ನೋಡಿ ಅಲ್ಲ ಅಂತ ಎಲ್ಲಾ ಇಲಾಖೆಗಳಿಗೆ ಸುತ್ತೋಲೆ ಹೋಯಿತು. ಆ ಸರ್ಕಾರದ ದೊಡ್ಡ ಹೆಸರುಗಳಾದ ವಿನ್‌ಸ್ಟನ್ ಪೀಟರ್ಸ್, ಡೇವಿಡ್ ಸೀಮೋರ್ ಇಬ್ಬರೂ ಮಾವೋರಿ ಮೂಲ ಇರುವವರೇ. ಹಾಗಾಗಿ ಇದನ್ನು ಬರೀ ಬಿಳಿಯರ ದ್ವೇಷ ಅಂತ ತಳ್ಳಿಹಾಕಬೇಡಿ. ಬಡ ಪಾಕೆಹಾ ಮಗುವಿಗೂ ಹಸಿವು ಒಂದೇ. ಅಲ್ಲಿ ಬಿಳಿಯರಿಗೆ ಪಾಕೆಹಾ ಅಂತಾರೆ.

ನವನಗರ ಗುಮಾಸ್ತ

ಮಾಸ್ತರೇ, ಬಾಗಲಕೋಟೆ ನವನಗರದಿಂದ ಬರೆಯುತ್ತಿದ್ದೇನೆ. ವಕೀಲರೊಬ್ಬರ ಹತ್ತಿರ ಗುಮಾಸ್ತ. ನಮ್ಮಲ್ಲಿ ಬರುವ ಫೈಲುಗಳಲ್ಲಿ ಜಾಸ್ತಿ ಭೂಸ್ವಾಧೀನದವೇ. ನಾನೂ ಮುಳುಗಡೆ ಮನೆಯವನು. ಆಲಮಟ್ಟಿ ಹಿನ್ನೀರಿಗೆ ನಮ್ಮ ಎರಿ ಹೊಲ ಹೋಯಿತು, ಹಳೇ ಬಾಗಲಕೋಟೆಯ ಮನೆಯೂ ಹೋಯಿತು. ಜಮೀನು ಕಳೆದುಕೊಂಡವರಿಗೆ ಬೇರೆ ದೇಶಗಳಲ್ಲಿ ಏನು ಕೊಟ್ಟರು ಅಂತ ಹುಡುಕುತ್ತಾ ಹೋದಾಗ ಮಾವೋರಿಗಳ ವಿಷಯ ಸಿಕ್ಕಿತು. ಆಗಿನಿಂದ ಬಿಡದೆ ಓದುತ್ತಿದ್ದೇನೆ. ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಿಮ್ಮ ಮಗಳ ಆಫೀಸಿನವರು ಮೂರು ಬೇರೆ ಬೇರೆ ಬಾಬತ್ತುಗಳನ್ನು ಒಂದೇ ಖಾತೆಗೆ ಬರೆಯುತ್ತಿದ್ದಾರೆ. ಗಲಾಟೆ ಅಲ್ಲೇ ಇದೆ.

ಮೊದಲನೆಯದು ಸರ್ಕಾರದ ಭತ್ಯೆ. ಕೆಲಸ ಇಲ್ಲದವರಿಗೆ, ಒಂಟಿ ತಾಯಂದಿರಿಗೆ, ಅಂಗವಿಕಲರಿಗೆ ಕೊಡುವ ದುಡ್ಡು. ಇದರಲ್ಲಿ ಮಾವೋರಿ ಅಂತ ಒಂದು ಡಾಲರೂ ಜಾಸ್ತಿ ಇಲ್ಲ. ವಯಸ್ಸು, ಮದುವೆ, ಮಕ್ಕಳು, ಆದಾಯ ನೋಡುತ್ತಾರೆ, ಅಷ್ಟೇ. ಭತ್ಯೆ ತೆಗೆದುಕೊಳ್ಳುವವರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಮಾವೋರಿಗಳು ಅನ್ನುವುದು ನಿಜ. ಅದಕ್ಕೆ ಕಾರಣ ಇದೆ. ಎರಡನೇ ಮಹಾಯುದ್ಧದ ನಂತರ ಹಳ್ಳಿಯಿಂದ ಪೇಟೆಗೆ ಬಂದ ಮಾವೋರಿಗಳು ರೈಲ್ವೆ, ಅರಣ್ಯ, ಮಾಂಸದ ಕಾರ್ಖಾನೆಗಳಲ್ಲಿ ದುಡಿದರು. 1984ರ ನಂತರ ಸರ್ಕಾರ ಆರ್ಥಿಕ ನೀತಿ ಬದಲಿಸಿದಾಗ ಮೊದಲು ಹೋಗಿದ್ದು ಅವೇ ಕೆಲಸಗಳು. 1990ರ ದಶಕದ ಶುರುವಿನಲ್ಲಿ ಕೆಲಸ ಮಾಡಬಲ್ಲ ಮಾವೋರಿಗಳಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ.

ಎರಡನೆಯದು ಜಮೀನಿನ ಪರಿಹಾರ. ಇದನ್ನು ಯೋಜನೆ ಅಂತ ಕರೆಯುವುದೇ ತಪ್ಪು. ನಿಮ್ಮ ಮಗಳು ಇರುವ ವೈಕಾಟೊ ಸೀಮೆಯದೇ ಉದಾಹರಣೆ ತೆಗೆದುಕೊಳ್ಳಿ. 1863ರಲ್ಲಿ ಬ್ರಿಟಿಷ್ ಸೈನ್ಯ ವೈಕಾಟೊ ಒಳಗೆ ನುಗ್ಗಿತು. ಯುದ್ಧ ಆದ ಮೇಲೆ, ದಂಗೆ ಎದ್ದವರು ಅಂತ ಹೆಸರಿಟ್ಟು ಸುಮಾರು 12 ಲಕ್ಷ ಎಕರೆ ಕಿತ್ತುಕೊಂಡರು. ಖರೀದಿ ಇಲ್ಲ, ಅವಾರ್ಡ್ ಇಲ್ಲ, ನೋಟಿಸ್ ಇಲ್ಲ. ಹ್ಯಾಮಿಲ್ಟನ್ ಊರು ನಿಂತಿರುವುದೇ ಆ ಜಮೀನಿನ ಮೇಲೆ. ಬೇರೆ ಕಡೆಗಳಲ್ಲಿ ಕಾಯ್ದೆ ಮಾಡಿ, ಕೋರ್ಟು ಮಾಡಿ, ಇಡೀ ಬಣಕ್ಕೆ ಸೇರಿದ್ದ ಜಮೀನನ್ನು ಒಬ್ಬೊಬ್ಬರ ಹೆಸರಿಗೆ ಉತಾರ ಮಾಡಿಸಿ, ಆಮೇಲೆ ಅವರಿಂದ ಕೊಂಡರು. ಇವತ್ತು ಆ ದೇಶದ ನೆಲದಲ್ಲಿ ಮಾವೋರಿ ಜಮೀನು ಅಂತ ಉಳಿದಿರುವುದು ಶೇ. 5-6ರಷ್ಟು.

ಇದನ್ನು ಅವರು ಸುಮ್ಮನೆ ಬಿಡಲಿಲ್ಲ. 1975ರಲ್ಲಿ ಫಿನಾ ಕೂಪರ್ ಎಂಬ ಅಜ್ಜಿ, 80ರ ಹತ್ತಿರದ ವಯಸ್ಸು, ಉತ್ತರದ ತುದಿಯಿಂದ ರಾಜಧಾನಿ ವೆಲ್ಲಿಂಗ್ಟನ್ ತನಕ ಜಾಥಾದ ಮುಂದಾಳತ್ವ ವಹಿಸಿದರು. ಅದೇ ವರ್ಷ, ಒಪ್ಪಂದ ಮುರಿದ ದೂರುಗಳನ್ನು ವಿಚಾರಿಸುವ ವೈಟಾಂಗಿ ಟ್ರಿಬ್ಯೂನಲ್ ಬಂತು. ಮೊದಲು ಅದಕ್ಕೆ 1975ರ ನಂತರದ ದೂರು ಮಾತ್ರ ಕೇಳುವ ಅಧಿಕಾರ ಇತ್ತು. 1985ರಲ್ಲಿ ಕಾಯ್ದೆ ತಿದ್ದಿ, 1840ರಿಂದ ಆದದ್ದನ್ನೆಲ್ಲ ವಿಚಾರಿಸಬಹುದು ಅಂದರು. 1995ರಲ್ಲಿ ವೈಕಾಟೊದ ತೈನುಯಿ ಬಣದ ಜನರಿಗೆ 17 ಕೋಟಿ ಡಾಲರ್ ಬೆಲೆಯ ಪರಿಹಾರ ಸಿಕ್ಕಿತು. ಆ ಪರಿಹಾರದ ಕಾಯ್ದೆಗೆ ಎಲಿಜಬೆತ್ ರಾಣಿ ತಾವೇ ಅಲ್ಲಿಗೆ ಬಂದು ಸಹಿ ಹಾಕಿದರು. ಕಾಯ್ದೆಯಲ್ಲೇ ಕ್ಷಮೆ ಬರೆದಿದೆ.

17 ಕೋಟಿ ದೊಡ್ಡದಾಗಿ ಕೇಳಿಸುತ್ತದೆ. ಕಳೆದುಕೊಂಡ ಜಮೀನಿನ ಬೆಲೆಗೆ ಹೋಲಿಸಿದರೆ ಅದು ನೂರಕ್ಕೆ ಒಂದೆರಡು ರೂಪಾಯಿ. ದೇಶದ ಎಲ್ಲಾ ಬಣಗಳಿಗೆ ಮೂವತ್ತು ವರ್ಷಗಳಲ್ಲಿ ಕೊಟ್ಟ ಇಂಥ ಪರಿಹಾರ ಒಟ್ಟು ಸೇರಿಸಿದರೂ 200 ಕೋಟಿಯಿಂದ 300 ಕೋಟಿ ಡಾಲರ್ ನಡುವೆ ಇದೆ. ಅಲ್ಲಿನ ಸರ್ಕಾರ ವೃದ್ಧಾಪ್ಯ ಪಿಂಚಣಿಗೆ ಒಂದೇ ವರ್ಷದಲ್ಲಿ 2,000 ಕೋಟಿ ಡಾಲರಿಗಿಂತ ಜಾಸ್ತಿ ಖರ್ಚು ಮಾಡುತ್ತದೆ. ಆ ಊಟದ ಟೇಬಲ್ಲಿನಲ್ಲಿ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಮಾತಾಡಿದವರು ಯಾರಾದರೂ ಇದ್ದಾರಾ, ಮಗಳನ್ನು ಕೇಳಿ.

ನನಗೆ ಇದು ಯಾಕೆ ಇಷ್ಟು ನಾಟುತ್ತದೆ ಅಂದರೆ, ಇಲ್ಲಿ ನಾವೂ ಅದೇ ಮಾತು ಕೇಳಿದ್ದೇವೆ. "ಮುಳುಗಡೆ ದುಡ್ಡು ಬಂತಲ್ಲ, ನಿಮಗೇನ್ರಿ ಚಿಂತೆ." ಆ ದುಡ್ಡು ನಮ್ಮಪ್ಪನ ಕೈಗೆ ಕಂತು ಕಂತಾಗಿ ಬಂತು. ಹೆಚ್ಚುವರಿ ಪರಿಹಾರಕ್ಕೆ ಕೋರ್ಟಿಗೆ ಹೋದವರು ವಕೀಲರ ಫೀಸು, ಬಸ್ಸಿನ ಖರ್ಚು ಅಂತ ಅದರಲ್ಲೇ ಕಳೆದರು. ಒಂದು ಎಕರೆ ಎರಿ ಹೊಲದ ದುಡ್ಡಿಗೆ ಬೇರೆ ಕಡೆ ಅಷ್ಟೇ ಹೊಲ ಸಿಗಲಿಲ್ಲ. ಮುಳುಗಡೆ ಸರ್ಟಿಫಿಕೇಟ್ ಮೇಲೆ ಸರ್ಕಾರಿ ನೌಕರಿಯಲ್ಲಿ 5% ಮೀಸಲಿದೆ. ಅದನ್ನು ಹಿಡಿದು ಕೆಲಸಕ್ಕೆ ಸೇರಿದ ಹುಡುಗನಿಗೆ "ಕೋಟಾದವನು" ಅಂತಾರೆ. ಆ ನೀರಿನಿಂದ ಕಬ್ಬು ಬೆಳೆದವರು, ಕರೆಂಟ್ ಹಾಕಿಸಿಕೊಂಡವರು, ಅದೇ ಮಾತು ಆಡುತ್ತಾರೆ. ಯಾರೂ ಕೆಟ್ಟವರಲ್ಲ. ಹೊಲ ಹೋದದ್ದು ಅವರ ಕಣ್ಣಿಗೆ ಬೀಳಲಿಲ್ಲ, ದುಡ್ಡು ಬಂದದ್ದು ಮಾತ್ರ ಬಿತ್ತು.

ಮೂರನೆಯ ಬಾಬತ್ತು, ಮಾವೋರಿಗಳನ್ನೇ ನೋಡಿ ಮಾಡಿದ ಸೇವೆಗಳು. ಜಗಳ ಆಗಬೇಕಾದರೆ ಇದರ ಮೇಲೆ ಆಗಲಿ, ಅದು ನ್ಯಾಯ. 1982ರಿಂದ ನಡೆದ ಮಾವೋರಿ ಮಾತಿನ ಶಿಶುವಿಹಾರಗಳು, ಆಕ್ಲೆಂಡ್ ಮೆಡಿಕಲ್ ಕಾಲೇಜಿನಲ್ಲಿ 1972ರಿಂದ ಇರುವ ಮಾವೋರಿ ಮತ್ತು ಪೆಸಿಫಿಕ್ ದ್ವೀಪಗಳ ಮೂಲದ ವಿದ್ಯಾರ್ಥಿಗಳ ಪ್ರವೇಶ ಯೋಜನೆ, 2010ರಲ್ಲಿ ಸಚಿವೆ ಟಾರಿಯಾನಾ ಟುರಿಯಾ ತಂದ ಫಾನೌ ಓರಾ, ಇವೆಲ್ಲ ಇದರಲ್ಲಿ ಬರುತ್ತವೆ. ಫಾನೌ ಓರಾದಲ್ಲಿ ಒಂದು ಕುಟುಂಬದ ಮನೆ, ಆರೋಗ್ಯ, ಶಾಲೆ, ಕೆಲಸ ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ಐದು ಕಚೇರಿಗೆ ಅಲೆಯುವುದು ತಪ್ಪುತ್ತದೆ. ಶುರು ಮಾಡುವಾಗಲೇ ಅಗತ್ಯ ಇರುವ ಯಾವ ಕುಟುಂಬವಾದರೂ ಬರಬಹುದು ಅಂತ ಹೇಳಿದ್ದರು. ಹೆಸರು ಮಾವೋರಿ ಆದ್ದರಿಂದ ಜನ ಅದು ಅವರಿಗೆ ಮಾತ್ರ ಅಂದುಕೊಂಡರು.

ಕುಂದಾನಗರಿಯವರೇ, 2004ರ ಅಂಕಿ ನೀವು ಸರಿಯಾಗಿಯೇ ಹೇಳಿದಿರಿ. ಅದರ ಮುಂದಿನದೂ ಹೇಳಬೇಕಲ್ವಾ? ಡೇವಿಡ್ ಸೀಮೋರ್ ಅವರು ವೈಟಾಂಗಿ ಒಪ್ಪಂದದ ತತ್ವಗಳನ್ನು ಹೊಸದಾಗಿ ಬರೆಯುವ ಮಸೂದೆಯನ್ನು 2024ರ ನವೆಂಬರ್‌ನಲ್ಲಿ ತಂದರು. ಅದೇ ತಿಂಗಳು ಪಾರ್ಲಿಮೆಂಟ್ ಮುಂದೆ ಪೊಲೀಸರ ಲೆಕ್ಕದಲ್ಲೇ ಸುಮಾರು 42,000 ಜನ ಸೇರಿದರು. ಪಾಕೆಹಾಗಳೂ ಬಂದಿದ್ದರು. ಸಮಿತಿಗೆ 3 ಲಕ್ಷಕ್ಕೂ ಜಾಸ್ತಿ ಅಭಿಪ್ರಾಯ ಪತ್ರಗಳು ಬಂದವು. ಅವುಗಳಲ್ಲಿ ಶೇ. 90ರಷ್ಟು ವಿರೋಧ. 2025ರ ಏಪ್ರಿಲ್ 10ರಂದು ಮಸೂದೆ 112-11 ಮತಗಳಿಂದ ಬಿತ್ತು.

ಪತ್ರ ಬರೆಯುವವರು ಕಾಳಜಿ ಇರುವವರು, ಅದು ಇಡೀ ದೇಶದ ಅಳತೆ ಅಲ್ಲ ಅನ್ನಬಹುದು. ಒಪ್ಪುತ್ತೇನೆ. 2024ರ ಡಿಸೆಂಬರ್‌ನಲ್ಲಿ ಅಲ್ಲಿನ ಟಿವಿಯವರು ಮಾಡಿಸಿದ ಸಮೀಕ್ಷೆಯಲ್ಲಿ ಮಸೂದೆಗೆ ಶೇ. 23 ಪರ, ಶೇ. 36 ವಿರೋಧ. ಶೇ. 39 ಜನ "ನಮಗೆ ಸಾಕಷ್ಟು ಗೊತ್ತಿಲ್ಲ" ಅಂದರು. ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಆ 39. "ಎಲ್ಲರಿಗೂ ಒಂದೇ ಕಾನೂನು ಬೇಕಾ?" ಅಂತ ಕೇಳಿದರೆ ಯಾರು ಬೇಡ ಅಂತಾರೆ? "ಕಿತ್ತುಕೊಂಡ ಜಮೀನಿಗೆ ಪರಿಹಾರ ಬೇಡವಾ?" ಅಂತ ಕೇಳಿದರೂ ಅವರೇ ಬೇಕು ಅಂತಾರೆ. ಊಟದ ಟೇಬಲ್ಲಿನಲ್ಲಿ ಜೋರಾಗಿ ಮಾತಾಡುವವರು ದೇಶವಲ್ಲ ಮಾಸ್ತರೇ. ಸುಮ್ಮನೆ ಊಟ ಮಾಡುವವರೂ ದೇಶವೇ.

ಅಥಣಿ ಟು ರೊಟೊರುವಾ

ಸರ್ ನಮಸ್ಕಾರ. ನಾನು ಅಥಣಿಯವಳು, ಬೆಳಗಾವಿಯಲ್ಲಿ ನರ್ಸಿಂಗ್ ಓದಿದೆ. ಈಗ ರೊಟೊರುವಾದಲ್ಲಿ ಕೆಲಸ. ಗುಮಾಸ್ತ ಅಣ್ಣ ಬರೆದದ್ದರಲ್ಲಿ ಮೂರನೆಯ ಬಾಬತ್ತಿನ ಬಗ್ಗೆ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ.

ರುಮ್ಯಾಟಿಕ್ ಜ್ವರ ಅಂತ ಕೇಳಿರುತ್ತೀರಿ. ಮಗುವಿಗೆ ಗಂಟಲು ನೋವು ಬರುತ್ತದೆ, ಸರಿಯಾಗಿ ಔಷಧಿ ಆಗುವುದಿಲ್ಲ, ಆಮೇಲೆ ಕೀಲು ಊದುತ್ತದೆ, ಹೃದಯದ ಕವಾಟ ಕೆಡುತ್ತದೆ. ಬೆಳಗಾವಿಯಲ್ಲಿ ಟ್ರೇನಿಂಗ್ ಇದ್ದಾಗ ಹಳ್ಳಿಯಿಂದ ಬಂದ ಮಕ್ಕಳಲ್ಲಿ ನೋಡಿದ್ದೆ. ಇಂಥ ಶ್ರೀಮಂತ ದೇಶದಲ್ಲಿ ಮತ್ತೆ ನೋಡುತ್ತೇನೆ ಅಂತ ಅಂದುಕೊಂಡಿರಲಿಲ್ಲ. ಇಲ್ಲಿ ಅದು ಬರುವುದು ಹೆಚ್ಚುಕಡಿಮೆ ಮಾವೋರಿ ಮತ್ತು ಪೆಸಿಫಿಕ್ ಮಕ್ಕಳಿಗೆ ಮಾತ್ರ. ಚಳಿಗಾಲದಲ್ಲಿ ತಂಡಿ ಹಿಡಿದ ಬಾಡಿಗೆ ಮನೆ, ಒಂದೇ ಕೋಣೆಯಲ್ಲಿ ಹೀಟರ್, ಎಲ್ಲರೂ ಅಲ್ಲೇ ಮಲಗುತ್ತಾರೆ. ಒಬ್ಬರ ಗಂಟಲಿನ ಸೋಂಕು ಎಲ್ಲರಿಗೂ ಹರಡುತ್ತದೆ.

ಒಮ್ಮೆ ಬಂತೆಂದರೆ 28 ದಿನಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್, ವರ್ಷಗಟ್ಟಲೆ. ದಪ್ಪ ಔಷಧಿ, ತುಂಬಾ ನೋಯುತ್ತದೆ. ಮಕ್ಕಳು ನಮ್ಮನ್ನು ಕಂಡರೆ ಬಾತ್‌ರೂಮಿಗೆ ಓಡುತ್ತಾರೆ. ಸರ್ಕಾರ 2011ರಿಂದ ಈ ರೋಗ ಜಾಸ್ತಿ ಇರುವ ಕಡೆ ಶಾಲೆಗಳಲ್ಲೇ ಗಂಟಲು ಪರೀಕ್ಷೆ ಶುರು ಮಾಡಿತು. ಆ ಶಾಲೆಗಳಲ್ಲಿ ಮಾವೋರಿ ಮಕ್ಕಳೇ ಜಾಸ್ತಿ. ಇದನ್ನು "ಮಾವೋರಿಗಳಿಗೆ ಸ್ಪೆಷಲ್" ಅಂತ ಕರೆಯುವವರಿಗೆ ಏನು ಹೇಳಲಿ ಸರ್? ರೋಗ ಇರುವಲ್ಲಿ ತಾನೇ ನರ್ಸ್ ಹೋಗಬೇಕು?

"ಆಸ್ಪತ್ರೆಯಲ್ಲಿ ಮೊದಲು ಅವರು" ಅನ್ನುವುದಕ್ಕೂ ಒಂದು ಮೂಲ ಇದೆ. 2023ರಲ್ಲಿ ಆಕ್ಲೆಂಡ್ ಕಡೆ ಆಪರೇಷನ್ ಪಟ್ಟಿಗೆ ಒಂದು ಲೆಕ್ಕದ ವಿಧಾನ ತಂದಿದ್ದು ದೊಡ್ಡ ಸುದ್ದಿ ಆಯಿತು. ಅದರಲ್ಲಿ ಜನಾಂಗ ಒಂದು ಅಂಶ ಇತ್ತು, ನಿಜ. ಅದರ ಜೊತೆಗೆ ಕಾಯಿಲೆ ಎಷ್ಟು ತೀವ್ರ, ಎಷ್ಟು ದಿನದಿಂದ ಕಾಯುತ್ತಿದ್ದಾರೆ, ಎಲ್ಲಿ ಇದ್ದಾರೆ, ಎಷ್ಟು ಬಡವರು ಅನ್ನುವುದೂ ಇತ್ತು. ಸುದ್ದಿಯಲ್ಲಿ ಐದರಲ್ಲಿ ಒಂದೇ ಉಳಿಯಿತು.

ನಮ್ಮವರ ಬಗ್ಗೆಯೂ ಒಂದು ಮಾತು. 2023ರ ಜನಗಣತಿಯಲ್ಲಿ ಭಾರತೀಯರು ಇಲ್ಲಿ ಮೂರನೇ ದೊಡ್ಡ ಸಮುದಾಯ. ಈ ದೇಶ 1898ರಲ್ಲಿ ವೃದ್ಧಾಪ್ಯ ಪಿಂಚಣಿ ಶುರು ಮಾಡಿತು. ಚೀನಿಯರಿಗೂ ಬೇರೆ ಏಷ್ಯಾದವರಿಗೂ ಕೊಡುವುದಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದ್ದರು. ಮಾವೋರಿ ವೃದ್ಧರಿಗೆ ಹೆಸರಿಗೆ ಹಕ್ಕಿತ್ತು. ಆದರೆ ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುತ್ತಿದ್ದರು, ಸಿಕ್ಕವರಿಗೂ ಕಡಿಮೆ ಕೊಡುತ್ತಿದ್ದರು. ಜನಾಂಗ ನೋಡಿ ಕೊಡುವ ಪದ್ಧತಿ ಮಾವೋರಿಗಳು ತಂದದ್ದಲ್ಲ. ಆಗ ಅವರ ಜೊತೆ ನಾವೂ ಹೊರಗೆ ನಿಂತಿದ್ದೆವು. ಇವತ್ತು ನಮ್ಮವರೇ ಹೀಗೆ ಮಾತಾಡಿದಾಗ ನನಗೆ ಬಹಳ ಬೇಜಾರಾಗುತ್ತದೆ.

ಕುಂದಾನಗರಿ

ತಂಗಿ, ನೀವು ಹೇಳಿದ ಗಂಟಲು ಪರೀಕ್ಷೆ ಅಗತ್ಯ ನೋಡಿ ಮಾಡಿದ್ದೇ ಅಲ್ವಾ? ರೋಗ ಇರುವ ಶಾಲೆಗೆ ಹೋದರು. ನನ್ನ ವಾದವೂ ಅದೇ. ಅಗತ್ಯ ಅಳೆಯಿರಿ, ಜನಾಂಗ ಯಾಕೆ ಬೇಕು? ಜಮೀನಿನ ಪರಿಹಾರದ ಬಗ್ಗೆ ಗುಮಾಸ್ತರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಅದು ಸಾಲ ತೀರಿಸಿದ ಹಾಗೆ. ಆದರೆ ಒಬ್ಬ ಮಾವೋರಿ ವಕೀಲರ ಮಗನಿಗೂ ಮೆಡಿಕಲ್ ಸೀಟಿನಲ್ಲಿ ಅನುಕೂಲ ಸಿಗುವುದು, ಬಡ ಪಾಕೆಹಾ ಡ್ರೈವರ್ ಮಗಳಿಗೆ ಸಿಗದಿರುವುದು, ಇದಕ್ಕೆ ಉತ್ತರ ಬೇಕು. ಮಾಸ್ತರರ ಸಿಂದಗಿ ಹುಡುಗಿಗೂ ಯಾರೂ ಉತ್ತರ ಕೊಟ್ಟಿಲ್ಲ.

ನವನಗರ ಗುಮಾಸ್ತ

ಕೇಳಬೇಕಾದ ಪ್ರಶ್ನೆಯೇ ಕೇಳಿದಿರಿ.

ಅಗತ್ಯ ಅಳೆಯಿರಿ ಅನ್ನುವುದು ಸರಿ. ಅಳತೆಗೋಲು ಯಾರ ಮೈಗೆ ಹೊಂದುತ್ತದೆ ಅನ್ನುವುದನ್ನೂ ನೋಡಬೇಕು. ಅಲ್ಲಿ ಕರುಳಿನ ಕ್ಯಾನ್ಸರಿನ ಉಚಿತ ತಪಾಸಣೆ 60 ವರ್ಷದಿಂದ ಶುರುವಾಗುತ್ತಿತ್ತು. ಮಾವೋರಿಗಳಲ್ಲಿ ಈ ಕ್ಯಾನ್ಸರ್ 60ಕ್ಕೂ ಮೊದಲೇ ಬರುವ ಪ್ರಮಾಣ ಬೇರೆಯವರಿಗಿಂತ ಜಾಸ್ತಿ. ಅವರಿಗೆ ವಯಸ್ಸು ಇಳಿಸುವ ಹಿಂದಿನ ಯೋಚನೆ ಬಿಟ್ಟು, 2023ರಲ್ಲಿ ಬಂದ ಸರ್ಕಾರ ಎಲ್ಲರಿಗೂ 58 ಮಾಡುವುದಾಗಿ ಹೇಳಿತು. ಕಾಗದದ ಮೇಲೆ ಸಮಾನ. ಆದರೆ 52ಕ್ಕೆ ಕಾಯಿಲೆ ಬರುವವನಿಗೆ 58ರ ತಪಾಸಣೆ ಏನು ಉಪಯೋಗ? ಪಿಂಚಣಿಯೂ ಅಷ್ಟೇ. ಎಲ್ಲರಿಗೂ 65. 2017-19ರ ಲೆಕ್ಕದಲ್ಲಿ ಮಾವೋರಿ ಗಂಡಸರ ಸರಾಸರಿ ಆಯಸ್ಸು 73.4 ವರ್ಷ, ಉಳಿದವರದ್ದು 80.9. ಒಂದೇ ನಿಯಮ, ಒಂದೇ ತೆರಿಗೆ. ಪಿಂಚಣಿ ತಿನ್ನುವ ವರ್ಷಗಳು ಮಾತ್ರ ಬೇರೆ. ಅಲ್ಲಿನ ಅತಿ ದೊಡ್ಡ ಸರ್ಕಾರಿ ಭತ್ಯೆ ಇದೇ. ಇದರಲ್ಲಿ ಯಾರು ಯಾರಿಗೆ ಕೊಡುತ್ತಿದ್ದಾರೆ ಅಂತ ನೀವೇ ಲೆಕ್ಕ ಹಾಕಿ.

ಮೆಡಿಕಲ್ ಸೀಟು. ವಕೀಲರ ಮಗ ಅಂತ ಇದ್ದೇ ಇರುತ್ತಾನೆ. ಆ ಸೀಟಿನ ಉದ್ದೇಶ ಬಡತನ ನಿವಾರಣೆ ಅಲ್ಲ, ಮಾವೋರಿ ರೋಗಿಗಳ ಬಳಿಗೆ ಹೋಗುವ ಡಾಕ್ಟರುಗಳನ್ನು ತಯಾರು ಮಾಡುವುದು. ಪಾಸಾಗಲು ಪರೀಕ್ಷೆ ಎಲ್ಲರಿಗೂ ಒಂದೇ. ಆದರೂ ಬಡ ಡ್ರೈವರ್ ಮಗಳಿಗೆ ದಾರಿ ಬೇಕು ಅನ್ನುವ ನಿಮ್ಮ ಮಾತು ನಾನು ಒಪ್ಪುತ್ತೇನೆ. ಆಕೆಗೂ ಮಾಡಲಿ.

ಸಿಂದಗಿ ಹುಡುಗಿಗೂ ನನ್ನ ಉತ್ತರ ಅದೇ. ಅಫಜಲಪುರದ ಗೆರೆ ನಿಜಾಮನ ಕಾಲದ್ದು. ಆ ಆಡಳಿತದಲ್ಲಿ ಶಾಲೆ, ರಸ್ತೆ ಎಲ್ಲಾ ಹಿಂದೆ ಬಿದ್ದವು ಅಂತ 2012ರಲ್ಲಿ ಸಂವಿಧಾನ ತಿದ್ದಿದರು. ಕಾರಣ ಸುಳ್ಳಲ್ಲ. ನಮ್ಮದು ಮುಂಬೈ ಪ್ರಾಂತ. ಆದರೆ 2002ರಲ್ಲೇ ಡಿ.ಎಂ. ನಂಜುಂಡಪ್ಪ ಸಮಿತಿ ತಾಲೂಕು ತಾಲೂಕು ಅಳೆದು 114 ಹಿಂದುಳಿದ ತಾಲೂಕು ಅಂತ ಪಟ್ಟಿ ಕೊಟ್ಟಿತು. ನಮ್ಮ ಕಡೆಯವೂ ಅದರಲ್ಲಿವೆ. ಆ ವರದಿ ಹಿಡಿದು ಜಗಳ ಆಡೋಣ, ನಾನೂ ಬರುತ್ತೇನೆ. ಅಫಜಲಪುರದ ಹುಡುಗಿಯ ಸೀಟು ಕಿತ್ತರೆ ಸಿಂದಗಿ ಹುಡುಗಿಗೆ ಏನೂ ಬರುವುದಿಲ್ಲ. 2024ರಲ್ಲಿ ಮಾವೋರಿ ಆರೋಗ್ಯ ಪ್ರಾಧಿಕಾರ ಮುಚ್ಚಿದರಲ್ಲ, ಅದರಿಂದ ಬಡ ಪಾಕೆಹಾಗೆ ಯಾವ ಆಸ್ಪತ್ರೆ ತೆರೆಯಿತು ಅಂತ ಯಾರಾದರೂ ತೋರಿಸಲಿ.

ವಿಜಯಪುರದ ಮಾಸ್ತರ್

ಎಲ್ಲರಿಗೂ ಮನಸಾರೆ ಧನ್ಯವಾದ. ಎರಡು ಸಲ ಓದಿದೆ, ಮಗಳಿಗೂ ಕಳಿಸಿದೆ. ಪಿಂಚಣಿ ಅಂಕಿ ಅವಳಿಗೆ ಬಹಳ ಹಿಡಿಸಿತು, ಅಕೌಂಟ್ಸ್‌ನವಳಲ್ವಾ. ನನ್ನ ಸಿಂದಗಿ ತಕರಾರು ಇನ್ನೂ ಪೂರ್ತಿ ಕರಗಿಲ್ಲ, ಗುಮಾಸ್ತರೇ. ನಂಜುಂಡಪ್ಪ ವರದಿ ಬಂದು ಎಷ್ಟು ವರ್ಷ ಆಯಿತು ನೋಡಿ. ಆದರೆ ಸಿಟ್ಟು ಯಾರ ಮೇಲೆ ಇರಬೇಕು ಅನ್ನುವುದು ಬದಲಾಗಿದೆ.

ಮಗಳ ಪ್ರಶ್ನೆ ಒಂದಿದೆ. ಆ ಟೇಬಲ್ಲಿನಲ್ಲಿ ಇವಳು ಮಾತಾಡಿದರೆ ಆ ಮಾವೋರಿ ಹೆಣ್ಣುಮಗಳಿಗೆ ಮುಜುಗರ ಆಗುತ್ತದಾ? ಅಥಣಿ ತಂಗಿ ಹೇಳಬೇಕು.

ಅಥಣಿ ಟು ರೊಟೊರುವಾ

ಸರ್, ಆಕೆಯ ಪರವಾಗಿ ಮಾತಾಡುವುದು ಬೇಡ. ಆಕೆ ಕಷ್ಟದಲ್ಲಿದ್ದಾಳೋ ಇಲ್ಲವೋ ನಮಗೆ ಗೊತ್ತಿಲ್ಲ, ಅದು ಆಕೆಯ ವಿಷಯ. ಅಂಕಿ ತಪ್ಪಿದ್ದರೆ ಅಂಕಿ ಸರಿ ಮಾಡಲಿ, ಅದು ನಿಮ್ಮ ಮಗಳ ಕೆಲಸವೇ. ಭತ್ಯೆ ಎಲ್ಲರಿಗೂ ಒಂದೇ ಅಂತ ಹೇಳಲಿ. ಹ್ಯಾಮಿಲ್ಟನ್ನಿನ "ದಿ ಬೇಸ್" ಮಾಲ್ ಕಟ್ಟಿದ್ದು ಪರಿಹಾರವಾಗಿ ವಾಪಸ್ ಬಂದ ತೈನುಯಿ ಜಮೀನಿನ ಮೇಲೆ. ವೈಕಾಟೊ ಯೂನಿವರ್ಸಿಟಿ ಕ್ಯಾಂಪಸ್ಸಿನ ಜಾಗವೂ ಅವರದ್ದೇ, ಯೂನಿವರ್ಸಿಟಿ ಬಾಡಿಗೆ ಕೊಡುತ್ತದೆ. ಆ ಮಾಲ್‌ನಲ್ಲಿ ಕೆಲಸ ಮಾಡುವವರಲ್ಲಿ ಎಲ್ಲಾ ದೇಶದವರೂ ಇದ್ದಾರೆ, ನಮ್ಮ ಹುಡುಗರೂ ಇದ್ದಾರೆ. ಟೇಬಲ್ಲಿನಲ್ಲಿ ಇದೂ ಗೊತ್ತಾಗಲಿ.

ಇನ್ನು, ಹ್ಯಾಮಿಲ್ಟನ್ನಿನಿಂದ ಕಾರಿನಲ್ಲಿ ಸ್ವಲ್ಪ ಹೊತ್ತು ಹೋದರೆ ನ್ಗಾರುವಾಹಿಯಾ ಸಿಗುತ್ತದೆ. ಮಾವೋರಿ ರಾಜಮನೆತನದ ಊರು ಅದು. ಮಾರ್ಚ್‌ನಲ್ಲಿ ಅಲ್ಲಿ ವೈಕಾಟೊ ನದಿಯಲ್ಲಿ ದೋಣಿ ಹಬ್ಬ ನಡೆಯುತ್ತದೆ, ಯಾರು ಬೇಕಾದರೂ ಹೋಗಬಹುದು. ಆ ಹೆಣ್ಣುಮಗಳನ್ನೇ ಕೇಳಲಿ, ಎಷ್ಟು ಹೊತ್ತಿಗೆ ಹೋದರೆ ಒಳ್ಳೆಯದು, ಕಾರು ಎಲ್ಲಿ ನಿಲ್ಲಿಸಬೇಕು ಅಂತ. ಇಲ್ಲಿಯ ನನ್ನ ಗೆಳತಿಯರ ಜೊತೆ ನನ್ನ ಮಾತುಕತೆ ಶುರುವಾಗಿದ್ದು ಹಾಗೆಯೇ. ಟ್ರಿಬ್ಯೂನಲ್, ಪರಿಹಾರ ಎಲ್ಲಾ ಅವರೇ ಆಮೇಲೆ ಹೇಳಿದರು.